ಸುರಿನಾಮ್ ಪ್ರವಾಸ: ವಿಮಾನ ಟಿಕೆಟ್‌ಗಿಂತ ಮೊದಲು ದೋಣಿಯ ದಿನ ಗೊತ್ತುಮಾಡಿ

ಪ್ರಶ್ನೆ: ನಾವು ಧಾರವಾಡದವರು. ನನ್ನ ತಮ್ಮ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಕ್ಟೋಬರ್‌ನಲ್ಲಿ ನಾನು, ನನ್ನ ಹೆಂಡತಿ, 64 ವರ್ಷದ ಅಮ್ಮ ಅವನಲ್ಲಿಗೆ ಹೋಗಿ, ಅಲ್ಲಿಂದ ನಾಲ್ಕೂ ಜನ ಸುರಿನಾಮ್‌ಗೆ ಹೋಗಬೇಕು ಅಂತ ಆಸೆ. ಒಟ್ಟು ನಾಲ್ಕು ವಾರ ರಜೆ ಇದೆ, ಅದರಲ್ಲಿ 12 ದಿನ ಸುರಿನಾಮ್‌ಗೆ. ದೇಶ ಚಿಕ್ಕದು, ಹಾಗಾಗಿ ಪಕ್ಕದ ಗಯಾನಾ, ಫ್ರೆಂಚ್ ಗಯಾನಾ ಎರಡನ್ನೂ ಬಾಡಿಗೆ ಕಾರಿನಲ್ಲಿ ನೋಡಿ ಮುಗಿಸಬಹುದಾ? ವಿಮಾನ ಟಿಕೆಟ್ ಈಗಲೇ ಮಾಡಿಸಿಬಿಡಲಾ? ಅಮ್ಮ ಶಾಕಾಹಾರಿ.

ಉತ್ತರ: ಟಿಕೆಟ್ ಈಗಲೇ ಮಾಡಿಸಬೇಡಿ. ಒಂದೆರಡು ವಾರ ತಡೆಯಿರಿ, ಯಾಕೆ ಅಂತ ಹೇಳುತ್ತೇನೆ. ಇನ್ನು ಗಯಾನಾ, ಫ್ರೆಂಚ್ ಗಯಾನಾ ಎರಡನ್ನೂ ಈ ಸಲ ಕೈಬಿಡಿ.

"ದೇಶ ಚಿಕ್ಕದು" ಅಂದಿರಲ್ವಾ, ಸುರಿನಾಮ್‌ಗೆ ಹೋಗುವ ಹೆಚ್ಚಿನವರ ಲೆಕ್ಕ ತಪ್ಪುವುದು ಅಲ್ಲೇ. ದಕ್ಷಿಣ ಅಮೆರಿಕದ ಸ್ವತಂತ್ರ ದೇಶಗಳಲ್ಲಿ ಇದೇ ಅತಿ ಚಿಕ್ಕದು, ನಿಜ. ಆದರೆ ವಿಸ್ತೀರ್ಣ ಸುಮಾರು 1,63,800 ಚದರ ಕಿಲೋಮೀಟರ್. ನಮ್ಮ ಕರ್ನಾಟಕ 1,91,791. ಅಂದರೆ ನಮ್ಮ ರಾಜ್ಯಕ್ಕಿಂತ ಸ್ವಲ್ಪವೇ ಕಡಿಮೆ. ಅಷ್ಟು ಜಾಗದಲ್ಲಿ ಇರುವ ಜನ ಮಾತ್ರ ಆರು ಲಕ್ಷದ ಆಸುಪಾಸು. ಅವರಲ್ಲೂ ಹೆಚ್ಚಿನವರು ರಾಜಧಾನಿ ಪರಮಾರಿಬೊ ಮತ್ತು ಅದರ ಸುತ್ತಮುತ್ತಲೇ ಇದ್ದಾರೆ. ನೆಲದ ಶೇಕಡಾ 90ಕ್ಕಿಂತ ಜಾಸ್ತಿ ಭಾಗ ಕಾಡು. ಒಳ್ಳೆಯ ರಸ್ತೆ ಇರುವುದು ಉತ್ತರದ ಕರಾವಳಿ ಪಟ್ಟಿಯಲ್ಲಿ, ಅದು ಬಿಟ್ಟರೆ ದಕ್ಷಿಣಕ್ಕೆ ಸ್ವಲ್ಪ ದೂರ. ಅದರಾಚೆ ನದಿಯೇ ರಸ್ತೆ. ನದಿಯೂ ಆಗದಿದ್ದರೆ ಸಣ್ಣ ವಿಮಾನ. ಪ್ರಯಾಣಿಕರ ರೈಲು ಇಲ್ಲವೇ ಇಲ್ಲ.

ಆದ್ದರಿಂದ ಈ ದೇಶದ ಪ್ರವಾಸವನ್ನು ಒಳನಾಡಿನಿಂದ ಹೊರಕ್ಕೆ ಲೆಕ್ಕ ಹಾಕಬೇಕು. ಕಾಡಿನೊಳಗೆ ಯಾವ ಊರಲ್ಲಿ, ಯಾವ ಲಾಡ್ಜ್‌ನಲ್ಲಿ, ಯಾವ ರಾತ್ರಿಗಳು ಅಂತ ಮೊದಲು ಗೊತ್ತಾಗಬೇಕು. ಅದಕ್ಕೆ ಹೊಂದಿಸಿ ಪರಮಾರಿಬೊದ ದಿನಗಳು, ಆಮೇಲೆ ಆಮ್‌ಸ್ಟರ್‌ಡ್ಯಾಮ್‌ನಿಂದ ಹೋಗಿಬರುವ ಟಿಕೆಟ್, ಕೊನೆಗೆ ಬೆಂಗಳೂರಿನ ಟಿಕೆಟ್. ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಅಗ್ಗದ ಟಿಕೆಟ್ ಕಂಡ ಕೂಡಲೇ ಕೊಂಡುಬಿಡುತ್ತಾರೆ. ಆಮೇಲೆ ನೋಡಿದರೆ ಆ ವಾರ ಬೇಕಾದ ಲಾಡ್ಜ್‌ನಲ್ಲಿ ಜಾಗ ಇರುವುದಿಲ್ಲ, ಅಥವಾ ಒಳನಾಡಿನ ವಿಮಾನ ಹೊರಡುವ ದಿನಕ್ಕೂ ಇವರ ದಿನಕ್ಕೂ ತಾಳೆಯಾಗುವುದಿಲ್ಲ. ಕೊನೆಗೆ ನಗರದಲ್ಲೇ ಸುತ್ತಾಡಿ ವಾಪಸ್ ಬರುತ್ತಾರೆ. ಅಷ್ಟು ದೂರ ಹೋಗಿ ಒಳನಾಡಿನ ನದಿ ನೋಡದೆ ಬಂದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಅಕ್ಟೋಬರ್ ಒಳ್ಳೆಯ ಆಯ್ಕೆ. ಅಲ್ಲಿ ವರ್ಷಕ್ಕೆ ಎರಡು ಮಳೆಗಾಲ. ದೊಡ್ಡದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ, ಸಣ್ಣದು ಡಿಸೆಂಬರ್-ಜನವರಿ ಹೊತ್ತಿಗೆ. ಆಗಸ್ಟ್ ಮಧ್ಯದಿಂದ ನವೆಂಬರ್‌ವರೆಗೆ ದೊಡ್ಡ ಒಣ ಕಾಲ. ರಸ್ತೆ ಚೆನ್ನಾಗಿರುತ್ತದೆ, ಮಣ್ಣು ಗಟ್ಟಿಯಾಗಿರುತ್ತದೆ. ಆದರೆ ನದಿಯಲ್ಲಿ ನೀರು ಇಳಿದಿರುತ್ತದೆ, ದೋಣಿ ನಿಧಾನವಾಗುತ್ತದೆ, ಬಂಡೆಗಳು ಮೇಲೆದ್ದಿರುತ್ತವೆ. ಇದು ಅಮ್ಮನ ವಿಷಯದಲ್ಲಿ ಮುಖ್ಯ, ಮುಂದೆ ಹೇಳುತ್ತೇನೆ.

ಅಕ್ಟೋಬರ್‌ನಲ್ಲಿ ಎರಡು ಕಡೆ ಇಕ್ಕಟ್ಟು ಇದೆ. ಅಕ್ಟೋಬರ್ 10 ಅಲ್ಲಿ ಮರೂನ್ ಜನರ ದಿನ, ಸರ್ಕಾರಿ ರಜೆ. ತೋಟಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡಿನಲ್ಲಿ ಊರು ಕಟ್ಟಿದ ಆಫ್ರಿಕನ್ನರ ವಂಶದವರು ಈ ಮರೂನರು. ನೀವು ಹೋಗಬೇಕಾದ ನದಿಯ ದಂಡೆಯಲ್ಲಿ ಇರುವವರೂ ಅವರೇ. ಆ ರಜೆ ವಾರಾಂತ್ಯಕ್ಕೆ ಅಂಟಿಕೊಂಡರೆ ನಗರದಲ್ಲಿರುವವರು ಊರಿಗೆ ಹೊರಡುತ್ತಾರೆ, ಬಸ್ಸು, ದೋಣಿ ಎಲ್ಲ ಭರ್ತಿ. ಇನ್ನೊಂದು, ನೆದರ್‌ಲ್ಯಾಂಡ್ಸ್‌ನ ಶಾಲೆಗಳಿಗೆ ಅಕ್ಟೋಬರ್ ಮಧ್ಯದಿಂದ ಕೊನೆಯವರೆಗೆ ಶರತ್ಕಾಲದ ರಜೆ ಬರುತ್ತದೆ, ಒಂದೊಂದು ಭಾಗಕ್ಕೆ ಒಂದೊಂದು ವಾರ. ಸುರಿನಾಮ್ ಮೂಲದ ಲಕ್ಷಾಂತರ ಜನ ಆ ದೇಶದಲ್ಲಿದ್ದಾರೆ. ಶಾಲೆ ರಜೆ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ಅಜ್ಜ-ಅಜ್ಜಿ ನೋಡಲು ಹೊರಡುತ್ತಾರೆ. ಟಿಕೆಟ್ ದರ ಏರುತ್ತದೆ. ತಮ್ಮನಿಗೆ ಈ ವರ್ಷದ ರಜೆ ಪಟ್ಟಿ ನೋಡಲು ಹೇಳಿ. ಈ ಎರಡರ ನಡುವೆ ಹೋಗಿ, ಇಲ್ಲವೇ ಎರಡೂ ಮುಗಿದ ಮೇಲೆ ಹೋಗಿ.

ಈಗ ಕಾಗದಪತ್ರದ ವಿಷಯ. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ನಿಮಗೆ ಮೂವರಿಗೂ ಷೆಂಗೆನ್ ವೀಸಾ ಬೇಕು, ಅಂದರೆ ನೆದರ್‌ಲ್ಯಾಂಡ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ನೀವು ನೆದರ್‌ಲ್ಯಾಂಡ್ಸ್‌ಗೆ ಒಮ್ಮೆ ಹೋಗಿ, ಅಲ್ಲಿಂದ ಸುರಿನಾಮ್‌ಗೆ ಹೋದರೆ ಷೆಂಗೆನ್ ಪ್ರದೇಶದಿಂದ ಹೊರಗೆ ಹೋದ ಹಾಗೆ. ವಾಪಸ್ ಬರುವುದು ಎರಡನೇ ಪ್ರವೇಶ. ಒಂದೇ ಪ್ರವೇಶದ ವೀಸಾ ಕೊಟ್ಟಿದ್ದರೆ ಪರಮಾರಿಬೊದಲ್ಲೇ ನಿಮ್ಮನ್ನು ವಿಮಾನ ಹತ್ತಿಸುವುದಿಲ್ಲ. ಅರ್ಜಿ ಹಾಕುವಾಗಲೇ ಬಹು ಪ್ರವೇಶದ ವೀಸಾ ಕೇಳಿ. ಯಾಕೆ ಬೇಕು ಅಂತ ಒಂದು ಪುಟದ ಪತ್ರ ಬರೆದು, ಸುರಿನಾಮ್ ಪ್ರವಾಸದ ದಿನಗಳನ್ನು ಅದರಲ್ಲಿ ಕಾಣಿಸಿ. ವೀಸಾ ಕೈಗೆ ಬಂದ ದಿನವೇ ಪ್ರವೇಶಗಳ ಸಂಖ್ಯೆ ಎಷ್ಟು ಅಂತ ನೋಡಿ.

ಒಂದು ವೇಳೆ ಒಂದೇ ಪ್ರವೇಶ ಸಿಕ್ಕರೂ ದಾರಿ ಇದೆ. ಮೊದಲು ಸುರಿನಾಮ್, ಆಮೇಲೆ ತಮ್ಮನ ಮನೆ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಕೆಎಲ್‌ಎಂನ ನೇರ ವಿಮಾನ ಇದೆ. ಆಮ್‌ಸ್ಟರ್‌ಡ್ಯಾಮ್ ನಿಲ್ದಾಣದ ಒಳಗೇ ಇದ್ದು ಪರಮಾರಿಬೊ ವಿಮಾನಕ್ಕೆ ಬದಲಾಯಿಸುವುದಾದರೆ ಭಾರತೀಯರಿಗೆ ಅಲ್ಲಿ ಟ್ರಾನ್ಸಿಟ್ ವೀಸಾ ಬೇಕಿಲ್ಲ. ಆದರೆ ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿ ಇರಬೇಕು, ಲಗೇಜ್ ಪರಮಾರಿಬೊದವರೆಗೆ ನೇರ ಹೋಗಬೇಕು. ನಡುವೆ ಇನ್ನೊಂದು ಷೆಂಗೆನ್ ಊರು ಬರಬಾರದು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಆಮ್‌ಸ್ಟರ್‌ಡ್ಯಾಮ್‌ಗೆ ಇನ್ನೊಂದು ವಿಮಾನ ಅಂದರೆ ಅಲ್ಲೇ ಷೆಂಗೆನ್ ಪ್ರವೇಶ ಆಗಿಬಿಡುತ್ತದೆ, ನಿಮ್ಮ ಆ ಒಂದು ಪ್ರವೇಶ ಅಲ್ಲಿಗೆ ಖರ್ಚು. ಅಮೆರಿಕದ ಮಯಾಮಿ ಮೇಲೆ ಹೋಗುವ ಟಿಕೆಟ್ ಕೆಲವು ಸಲ ಅಗ್ಗ ಕಾಣುತ್ತದೆ. ಅಲ್ಲಿ ಸುಮ್ನೆ ವಿಮಾನ ಬದಲಾಯಿಸುವುದಕ್ಕೂ ಅಮೆರಿಕದ ವೀಸಾ ಬೇಕು, ಹಾಗಾಗಿ ಆ ಕಡೆ ನೋಡಲೇಬೇಡಿ.

ಸುರಿನಾಮ್‌ನ ಪ್ರವೇಶ ನಿಯಮಗಳು ಇತ್ತೀಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿವೆ. ಹಳೆಯ ವಿಡಿಯೊ, ಯಾರೋ ಸ್ನೇಹಿತರು ಹೇಳಿದ್ದು ಇವನ್ನು ನಂಬಬೇಡಿ. ಆ ದೇಶದ ಅಧಿಕೃತ ಇ-ವೀಸಾ ತಾಣದಲ್ಲಿ "ಭಾರತೀಯ ಪಾಸ್‌ಪೋರ್ಟ್" ಅಂತ ಆರಿಸಿ ನೋಡಿ, ಅನುಮಾನ ಬಂದರೆ ದೆಹಲಿಯಲ್ಲಿರುವ ಸುರಿನಾಮ್ ರಾಯಭಾರ ಕಚೇರಿಗೆ ಇಮೇಲ್ ಹಾಕಿ. ಹಣ ಕಟ್ಟಿದ ರಸೀದಿ ಮತ್ತು ಅನುಮತಿಯನ್ನು ಮುದ್ರಿಸಿ ಇಟ್ಟುಕೊಳ್ಳಿ, ಚೆಕ್-ಇನ್ ಕೌಂಟರ್‌ನಲ್ಲಿ ಮೊದಲು ಕೇಳುವುದೇ ಅದನ್ನು.

ಇನ್ನು ಹಳದಿ ಜ್ವರದ ಲಸಿಕೆ. ನಿಮ್ಮ ಪ್ರವಾಸದಲ್ಲಿ ಹೆಚ್ಚು ಯೋಚಿಸಬೇಕಾದ್ದು ಇದೇ, ಯಾಕೆಂದರೆ ಅಮ್ಮನಿಗೆ 64. ಸುರಿನಾಮ್ ಹಳದಿ ಜ್ವರದ ಅಪಾಯ ಇರುವ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಬಂದವರು ಆರು ದಿನದೊಳಗೆ ಭಾರತಕ್ಕೆ ಕಾಲಿಟ್ಟರೆ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಇದು ಕಾಗದದ ಮೇಲಿನ ನಿಯಮ ಅಷ್ಟೇ ಅಂದುಕೊಳ್ಳಬೇಡಿ, ನಿಜವಾಗಿ ಮಾಡುತ್ತಾರೆ. ನಿಮಗೆ, ನಿಮ್ಮ ಹೆಂಡತಿಗೆ, ತಮ್ಮನಿಗೆ ಲಸಿಕೆ ಸುಲಭ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಿಕೊಳ್ಳಿ, ಬೆಂಗಳೂರಿನಲ್ಲಿ ಅಂಥ ಕೇಂದ್ರ ಇದೆ. ಮೊದಲೇ ಹೆಸರು ಬರೆಸಬೇಕು, ಪಾಸ್‌ಪೋರ್ಟ್ ಒಯ್ಯಬೇಕು. ಹಾಕಿಸಿಕೊಂಡ 10 ದಿನದ ನಂತರ ಹಳದಿ ಪುಸ್ತಕ, ಅಂದರೆ ಲಸಿಕೆಯ ಪ್ರಮಾಣಪತ್ರ, ಮಾನ್ಯವಾಗುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಮೊಟ್ಟೆ ಅಲರ್ಜಿ ಇದ್ದರೆ ವೈದ್ಯರಿಗೆ ಹೇಳಿ.

ಆದರೆ 60 ದಾಟಿದವರು ಮೊದಲ ಸಲ ಈ ಲಸಿಕೆ ತೆಗೆದುಕೊಂಡಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಅಪರೂಪವೇ, ಆದರೂ ಇದೆ. ಅಮ್ಮನ ಬಿಪಿ, ಸಕ್ಕರೆ, ತೆಗೆದುಕೊಳ್ಳುವ ಮಾತ್ರೆ ಎಲ್ಲ ಗೊತ್ತಿರುವ ನಿಮ್ಮ ವೈದ್ಯರ ಹತ್ತಿರ ಕೂತು ಮಾತಾಡಿ ತೀರ್ಮಾನ ಮಾಡಿ. ಟಿಕೆಟ್ ಈಗ ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ. ವೈದ್ಯರು ಲಸಿಕೆ ಬೇಡ ಅಂದರೆ ಅಮ್ಮನನ್ನು ಕಾಡಿನೊಳಗೆ ಕರೆದೊಯ್ಯಬೇಕೇ ಅನ್ನುವುದೇ ದೊಡ್ಡ ಪ್ರಶ್ನೆ. ನನ್ನನ್ನು ಕೇಳಿದರೆ ಬೇಡ, ಅವರು ಆ 12 ದಿನ ತಮ್ಮನ ಮನೆಯಲ್ಲೇ ಇರಲಿ, ತಮ್ಮನೂ ಜೊತೆಗಿರಲಿ. ವೈದ್ಯರು ಬರೆದುಕೊಟ್ಟ ವಿನಾಯಿತಿ ಪತ್ರ ಇದ್ದರೂ ಭಾರತದ ನಿಲ್ದಾಣದಲ್ಲಿ ಅದನ್ನು ಒಪ್ಪಿಯೇ ಒಪ್ಪುತ್ತಾರೆ ಅಂತಿಲ್ಲ. ಹೇಗೂ ನಿಮಗೆ ನಾಲ್ಕು ವಾರ ಇದೆ. ಸುರಿನಾಮ್ ಮುಗಿಸಿ ನೆದರ್‌ಲ್ಯಾಂಡ್ಸ್‌ಗೆ ಬಂದು, ಅಲ್ಲಿ ಒಂದು ವಾರಕ್ಕಿಂತ ಜಾಸ್ತಿ ಇದ್ದು ಆಮೇಲೆ ಬೆಂಗಳೂರಿಗೆ ಹೊರಡಿ. ಆಗ ಆರು ದಿನದ ಲೆಕ್ಕ ದಾಟಿರುತ್ತದೆ. ಲಸಿಕೆ ಹಾಕಿಸಿಕೊಂಡವರಿಗೂ ಈ ಕ್ರಮವೇ ಒಳ್ಳೆಯದು, ಮೈಗೂ ವಿಶ್ರಾಂತಿ.

ಮಲೇರಿಯಾದ ಬಗ್ಗೆ ಹಳೆಯ ಪುಸ್ತಕಗಳಲ್ಲಿ ಹೆದರಿಸಿರುತ್ತಾರೆ. ಸುರಿನಾಮ್ ಮಲೇರಿಯಾಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಪ್ರಮಾಣಪತ್ರ ಕೊಟ್ಟಿದೆ. ಅಮೆಜಾನ್ ಪ್ರದೇಶದಲ್ಲಿ ಇಂಥದು ಇದೇ ಮೊದಲು, ದೊಡ್ಡ ಸಾಧನೆ. ಡೆಂಗಿ ಮಾತ್ರ ಇದೆ. ತುಂಬು ತೋಳಿನ ಬಟ್ಟೆ, ಸೊಳ್ಳೆ ಕ್ರೀಮು ಇರಲಿ.

ಆಮ್‌ಸ್ಟರ್‌ಡ್ಯಾಮ್‌ನಿಂದ ಪರಮಾರಿಬೊಗೆ ಸುಮಾರು ಒಂಬತ್ತು ಗಂಟೆ. ಕೆಎಲ್‌ಎಂ ಮತ್ತು ಸುರಿನಾಮ್ ಏರ್‌ವೇಸ್ ಹಾರುತ್ತವೆ. ಸುರಿನಾಮ್ ಭಾರತಕ್ಕಿಂತ ಎಂಟೂವರೆ ಗಂಟೆ ಹಿಂದೆ. ಬೆಂಗಳೂರಿನಿಂದ ಒಂದೇ ಉಸಿರಿಗೆ ಹೋದರೆ ಅಮ್ಮನಿಗೆ ತುಂಬಾ ಆಯಾಸ. ಬಹು ಪ್ರವೇಶದ ವೀಸಾ ಸಿಕ್ಕರೆ ಐಂಡ್‌ಹೋವನ್‌ನಲ್ಲಿ ನಾಲ್ಕೈದು ದಿನ ಇದ್ದು, ನಿದ್ದೆ ಸರಿಹೋದ ಮೇಲೆ ಮುಂದೆ ಹೊರಡಿ. ಅಂದಹಾಗೆ, ತಮ್ಮನಿಗೆ ಧಾರವಾಡ ಪೇಡಾ ಒಯ್ಯಬೇಕು ಅಂತ ಅನಿಸುತ್ತದೆ, ಗೊತ್ತು. ಯುರೋಪ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಅವಕಾಶ ಇಲ್ಲ. ಪೇಡಾ, ತುಪ್ಪ ಎರಡೂ ಅದಕ್ಕೆ ಸೇರುತ್ತವೆ. ಶೇಂಗಾ ಚಟ್ನಿಪುಡಿ ಒಯ್ಯಿರಿ.

ಪರಮಾರಿಬೊದ ಅಂತಾರಾಷ್ಟ್ರೀಯ ನಿಲ್ದಾಣ ಇರುವುದು ನಗರದಲ್ಲಲ್ಲ, 45 ಕಿಲೋಮೀಟರ್ ದಕ್ಷಿಣಕ್ಕೆ ಝಾಂಡರೈ ಅನ್ನುವ ಕಡೆ. ಟ್ಯಾಕ್ಸಿಗೋ ಶಟಲ್ ವ್ಯಾನಿಗೋ ಮೊದಲೇ ಹೇಳಿಡಿ. ಟ್ಯಾಕ್ಸಿಗಳಲ್ಲಿ ಮೀಟರ್ ನಂಬಬೇಡಿ, ಹತ್ತುವ ಮೊದಲು ದರ ಮಾತಾಡಿ. ಒಳನಾಡಿಗೆ ಹಾರುವ ಸಣ್ಣ ವಿಮಾನಗಳು ಇಲ್ಲಿಂದ ಹೊರಡುವುದಿಲ್ಲ. ಅವಕ್ಕೆ ನಗರದೊಳಗೇ ಝೋರ್ಗ್ ಎನ್ ಹೋಪ್ ಅನ್ನುವ ಪುಟ್ಟ ನಿಲ್ದಾಣ ಇದೆ. ಇಳಿದ ದಿನವೇ ಕಾಡಿಗೆ ಹಾರುತ್ತೇವೆ ಅಂತ ಯೋಜನೆ ಹಾಕುವವರು ಈ ಎರಡು ನಿಲ್ದಾಣದ ವಿಷಯ ಮರೆತಿರುತ್ತಾರೆ. ಸಣ್ಣ ವಿಮಾನ ಹಾರುವುದು ಹಗಲು ಬೆಳಕಿನಲ್ಲಿ ಮಾತ್ರ, ಮಂಜು ಅಥವಾ ಮಳೆ ಇದ್ದರೆ ಕಾಯಬೇಕು. ಇಳಿದ ಮೇಲೆ ಎರಡು ರಾತ್ರಿ ನಗರದಲ್ಲಿ ಇರಿ.

ನಗರ ಚೆನ್ನಾಗಿದೆ. ಹಳೆಯ ಪರಮಾರಿಬೊ 2002ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಬಿಳಿ ಬಣ್ಣದ ಮರದ ಮನೆಗಳು, ನದಿಯ ಪಕ್ಕದ ಬೀದಿ, ಮರದಲ್ಲೇ ಕಟ್ಟಿದ ಕೆಥೆಡ್ರಲ್, ಒಂದೇ ರಸ್ತೆಯಲ್ಲಿ ಅಕ್ಕಪಕ್ಕ ನಿಂತ ಮಸೀದಿ ಮತ್ತು ಸಿನಗಾಗ್, ಇಷ್ಟನ್ನು ಬೆಳಗಿನ ತಂಪಿನಲ್ಲಿ ನಡೆದೇ ನೋಡಬಹುದು. ಅಮ್ಮನಿಗೆ ಹಿಂದಿ ಬಂದರೆ ಬಹಳ ಒಳ್ಳೆಯದು. 1873ರ ಜೂನ್ 5ರಂದು ಲಾಲಾ ರೂಖ್ ಅನ್ನುವ ಹಡಗು ಕಲ್ಕತ್ತೆಯಿಂದ ಕೂಲಿ ಕರಾರಿನ ಜನರನ್ನು ಇಲ್ಲಿ ಇಳಿಸಿತು. 1916ರವರೆಗೆ ಸುಮಾರು 34,000 ಜನ ಹಾಗೆ ಬಂದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಮನೆಯಲ್ಲಿ ಇವತ್ತಿಗೂ ಸರ್ನಾಮಿ ಮಾತಾಡುತ್ತಾರೆ, ಅದು ಭೋಜಪುರಿಯ ಕಡೆಯದು. ನಿಧಾನವಾಗಿ ಮಾತಾಡಿದರೆ ಅಮ್ಮನಿಗೂ ಅರ್ಥವಾಗುತ್ತದೆ. ಅಜ್ಜಿಯಂದಿರು ಕೂರಿಸಿಕೊಂಡು ಊರು ಯಾವುದು, ಮಕ್ಕಳೆಷ್ಟು ಅಂತ ಕೇಳುತ್ತಾರೆ. ಆ ಹಡಗುಗಳಲ್ಲಿ ಬಂದವರ ನೆನಪಿಗೆ ನಗರದಲ್ಲಿ ಬಾಬಾ-ಮಾಯಿ ಪ್ರತಿಮೆ ಇದೆ, ಕೈಗಂಟು ಹಿಡಿದು ನಿಂತ ಗಂಡ-ಹೆಂಡತಿ. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ಊಟದ ಚಿಂತೆ ನಗರದಲ್ಲಿ ಇಲ್ಲವೇ ಇಲ್ಲ. ರೊಟ್ಟಿ ಅಂಗಡಿಗಳಲ್ಲಿ ಆಲೂಗಡ್ಡೆ, ಅಲಸಂದೆಯ ಎಳೆಕಾಯಿ ಪಲ್ಯದ ಜೊತೆ ರೋಟಿ ಸಿಗುತ್ತದೆ. ಮಾಂಸ, ಮೊಟ್ಟೆ ಬೇಡ ಅಂತ ಎರಡು ಸಲ ಹೇಳಿ, ಯಾಕೆಂದರೆ ಮೊಟ್ಟೆ ಇಡುವುದು ಅಲ್ಲಿ ವಾಡಿಕೆ. ಬಾರಾ ಅಂತ ಇದೆ, ಉದ್ದಿನ ಹಿಟ್ಟಿನದು, ನಮ್ಮ ವಡೆಯ ಬಳಗ. ಒಳನಾಡಿನ ಲಾಡ್ಜ್‌ಗಳಲ್ಲಿ ಮಾತ್ರ ಅಡುಗೆ ಮೀನು-ಕೋಳಿಯ ಮೇಲೆ ನಡೆಯುತ್ತದೆ, ಸಾಮಾನು ನಗರದಿಂದಲೇ ಹೋಗುತ್ತದೆ. ಬುಕ್ ಮಾಡುವಾಗಲೇ ಶಾಕಾಹಾರಿ ಅಂತ ಬರೆದುಕೊಡಿ, ಅವಲಕ್ಕಿ ಜೊತೆಗಿರಲಿ.

ಈಗ ಮುಖ್ಯ ವಿಷಯಕ್ಕೆ ಬರೋಣ, ಒಳನಾಡು. ನಿಮ್ಮ ಮುಂದೆ ಎರಡು ದಾರಿ. ಒಂದು, ಸಣ್ಣ ವಿಮಾನದಲ್ಲಿ ದೂರದ ದಕ್ಷಿಣಕ್ಕೆ, ಪಾಲುಮೇವು ಥರದ ಊರಿಗೆ. ಇನ್ನೊಂದು, ರಸ್ತೆ ಮುಗಿಯುವವರೆಗೆ ವ್ಯಾನಿನಲ್ಲಿ ಹೋಗಿ ಅಲ್ಲಿಂದ ದೋಣಿಯಲ್ಲಿ ಸುರಿನಾಮ್ ನದಿಯ ಮೇಲ್ಭಾಗಕ್ಕೆ. ಅಮ್ಮ ಜೊತೆಗಿದ್ದರೆ ಎರಡನೆಯದನ್ನೇ ಹಿಡಿಯಿರಿ.

ಪರಮಾರಿಬೊದಿಂದ ರಸ್ತೆ ಮುಗಿಯುವ ಅಟ್ಯೋನಿಗೆ ಸುಮಾರು 200 ಕಿಲೋಮೀಟರ್, ಮೂರು-ಮೂರೂವರೆ ಗಂಟೆ. ಡಾಂಬರು ರಸ್ತೆ ಇದೆ. ನಗರದ ಸರಮಾಕಾ ಬೀದಿಯಿಂದ ಮಿನಿಬಸ್ಸೂ ಹೊರಡುತ್ತದೆ, ಅಗ್ಗ. ಆದರೆ ಸೀಟು ತುಂಬಿದ ಮೇಲೇ ಹೊರಡುವುದು, ಅಕ್ಕಿ ಮೂಟೆ, ಎಣ್ಣೆ ಡಬ್ಬಿಗಳ ನಡುವೆ ಕೂರಬೇಕು. ಲಾಡ್ಜ್‌ನವರೇ ವ್ಯಾನ್, ದೋಣಿ, ಊಟ ಎಲ್ಲ ಸೇರಿಸಿ ಒಂದು ದರ ಹೇಳುತ್ತಾರೆ, ಅದನ್ನೇ ತೆಗೆದುಕೊಳ್ಳಿ. ದಾರಿಯಲ್ಲಿ ಬ್ರೌನ್ಸ್‌ವೆಗ್ ಅನ್ನುವ ಊರು ಸಿಗುತ್ತದೆ. 1964ರಲ್ಲಿ ಅಫೊಬಾಕಾ ಅಣೆಕಟ್ಟು ತುಂಬಲು ಶುರುವಾದಾಗ ನದಿದಂಡೆಯಲ್ಲಿದ್ದ, ಸರಮಾಕಾ ಅನ್ನುವ ಮರೂನ್ ಪಂಗಡದ ಸಾವಿರಾರು ಜನರ ಹಳ್ಳಿಗಳು ಮುಳುಗಿದವು. ಎಬ್ಬಿಸಿದ ಜನರನ್ನು ಕೂರಿಸಿದ ಊರುಗಳಲ್ಲಿ ಇದೂ ಒಂದು. ಅಣೆಕಟ್ಟಿನ ಹಿಂದಿನ ಬ್ರೋಕೊಪಾಂಡೊ ಜಲಾಶಯ ಸುಮಾರು 1,560 ಚದರ ಕಿಲೋಮೀಟರ್. ಕಾಡು ಕಡಿಯದೆ ನೀರು ನಿಲ್ಲಿಸಿದ್ದರಿಂದ ಸತ್ತ ಮರಗಳ ತುದಿ ಇವತ್ತಿಗೂ ನೀರಿನಿಂದ ಮೇಲೆ ಕಾಣುತ್ತವೆ. ನೀವು ಮುಂದೆ ಉಳಿಯುವ ಹಳ್ಳಿಯವರೂ ಇದೇ ಸರಮಾಕಾ ಜನ. ಆ ಮುಳುಗಡೆ ಅವರ ಮನೆಮನೆಯ ಕಥೆ, ಕೇಳಿದರೆ ಹೇಳುತ್ತಾರೆ.

ಅಟ್ಯೋನಿಯಲ್ಲಿ ರಸ್ತೆ ಸೀದಾ ನದಿಗೆ ಇಳಿದು ನಿಂತುಬಿಡುತ್ತದೆ. ದಂಡೆಯಲ್ಲಿ ಉದ್ದುದ್ದ ಕೊರ್ಯಾಲ್‌ಗಳು ಸಾಲಾಗಿರುತ್ತವೆ. ಮರದ ಕಿರಿದಾದ ದೋಣಿ, ಹಿಂದೆ ಮೋಟಾರು. ಪೆಟ್ರೋಲ್ ಡ್ರಮ್ಮು, ಗ್ಯಾಸ್ ಸಿಲಿಂಡರು, ಕೋಳಿ ಪೆಟ್ಟಿಗೆ, ಶಾಲೆ ಮಕ್ಕಳು, ಎಲ್ಲ ಅದರಲ್ಲೇ ಹೋಗಬೇಕು. ದೋಣಿಯವನು ನಿಮ್ಮನ್ನು ಒಮ್ಮೆ ನೋಡಿ ಯಾರು ಎಲ್ಲಿ ಕೂರಬೇಕು ಅಂತ ಹೇಳುತ್ತಾನೆ. ಭಾರ ಸಮ ಆಗಬೇಕಲ್ವಾ, ಗಂಡ-ಹೆಂಡತಿ ಪಕ್ಕಪಕ್ಕ ಕೂರಬೇಕು ಅಂತ ಹಟ ಮಾಡಬೇಡಿ. ಮುಂದಿನ ತುದಿಯಲ್ಲಿ ಉದ್ದ ಕೋಲು ಹಿಡಿದು ಇನ್ನೊಬ್ಬ ನಿಲ್ಲುತ್ತಾನೆ. ಅಕ್ಟೋಬರ್‌ನಲ್ಲಿ ನೀರು ಕಡಿಮೆ ಇರುವುದರಿಂದ ಅವನ ಕಣ್ಣೇ ಎಲ್ಲ. ನೀರಿನ ಮೇಲಿನ ಸಣ್ಣ ಸುಳಿ ನೋಡಿ ಕೆಳಗೆ ಬಂಡೆ ಇದೆ ಅಂತ ಗುರುತಿಸಿ ಕೈ ತೋರಿಸುತ್ತಾನೆ, ಹಿಂದಿನವನು ಮೋಟಾರು ಎತ್ತುತ್ತಾನೆ. ಕೆಲವು ಕಡೆ ಹರಿವು ಜೋರಾಗಿದ್ದರೆ ಜನರನ್ನು ಇಳಿಸಿ, ದೋಣಿ ಹಗುರ ಮಾಡಿ ದಾಟಿಸುತ್ತಾರೆ. ಆಗ ಜಾರುವ ಕಲ್ಲಿನ ಮೇಲೆ ನಡೆಯಬೇಕು.

ಅದಕ್ಕೇ ಹೇಳುವುದು, ಅಟ್ಯೋನಿಯಿಂದ ಒಂದು ಗಂಟೆಯ ಆಸುಪಾಸಿನ ಲಾಡ್ಜ್ ಆರಿಸಿ. ನಾಲ್ಕೈದು ಗಂಟೆ ಮೇಲಕ್ಕಿರುವ ಜಾಗಗಳು ಚೆಂದ, ಆದರೆ ಅಮ್ಮನ ಬೆನ್ನಿಗೆ ಬೇಡ. ಬುಕ್ ಮಾಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಆ ವಾರ ನೀರಿನ ಮಟ್ಟಕ್ಕೆ ದೋಣಿ ಎಷ್ಟು ಹೊತ್ತು ಹಿಡಿಯುತ್ತದೆ, ಸೀಟಿಗೆ ಒರಗು ಇದೆಯಾ, ಲೈಫ್ ಜಾಕೆಟ್ ಇದೆಯಾ, ದಂಡೆಯಿಂದ ಕೋಣೆಗೆ ಎಷ್ಟು ಮೆಟ್ಟಿಲು. ಮಲಗಲು ಮಂಚವೋ ತೂಗುಬಲೆಯೋ ಅಂತಲೂ ಕೇಳಿ. ಲಗೇಜ್‌ಗೆ ದಪ್ಪ ಪ್ಲಾಸ್ಟಿಕ್ ಚೀಲ ಒಯ್ಯಿರಿ, ಪಾಸ್‌ಪೋರ್ಟ್ ಮತ್ತು ಅಮ್ಮನ ಮಾತ್ರೆ ನಿಮ್ಮ ಮೈಮೇಲೇ ಇರಲಿ. ಅಲ್ಲಿ ನಾಲ್ಕು ರಾತ್ರಿ ಇರಿ. ಎರಡೇ ರಾತ್ರಿ ಅಂದರೆ ಹೋಗುವುದು, ಬರುವುದು ಎರಡೇ ಆಗುತ್ತದೆ. ಹಳ್ಳಿಯಲ್ಲಿ ಫೋಟೊ ತೆಗೆಯುವ ಮೊದಲು ಕೇಳಿ.

ನಿಮಗೂ ತಮ್ಮನಿಗೂ ಸಣ್ಣ ವಿಮಾನದ ಆಸೆ ಇದ್ದರೆ ಅದರ ನಿಯಮ ಇಷ್ಟು. ಲಗೇಜ್ ಒಬ್ಬರಿಗೆ ಸುಮಾರು 10 ಕೆಜಿ. ಗಾಲಿ ಇರುವ ಗಟ್ಟಿ ಸೂಟ್‌ಕೇಸ್ ನಡೆಯುವುದಿಲ್ಲ, ಬಟ್ಟೆಯ ಚೀಲ ಬೇಕು. ಚೀಲದ ಜೊತೆ ನಿಮ್ಮನ್ನೂ ತೂಕ ಮಾಡುತ್ತಾರೆ, ಸಂಕೋಚ ಬೇಡ. ಇಳಿಯುವುದು ಹುಲ್ಲು ಅಥವಾ ಕೆಂಪು ಮಣ್ಣಿನ ಪಟ್ಟಿಯ ಮೇಲೆ. ಜನ ಸಾಲದಿದ್ದರೆ, ಹವೆ ಕೆಟ್ಟರೆ ದಿನ ಬದಲಾಗುತ್ತದೆ. ಯಾವ ಕಂಪನಿ ಅಂತ ಮೊದಲೇ ಕೇಳಿ. ಸುರಿನಾಮ್‌ನಲ್ಲಿ ಪರವಾನಗಿ ಪಡೆದ ಎಲ್ಲ ವಿಮಾನ ಕಂಪನಿಗಳನ್ನೂ ಯುರೋಪ್ ಒಕ್ಕೂಟ 2025ರ ಜೂನ್‌ನಲ್ಲಿ ತನ್ನ ವಿಮಾನ ಸುರಕ್ಷತಾ ಪಟ್ಟಿಗೆ ಸೇರಿಸಿತು, ಈಗಲೂ ಹೆಸರಿದೆಯಾ ನೋಡಿ. ಆ ಪಟ್ಟಿಯಲ್ಲಿ ಇರುವುದು ನಿಷೇಧ ಆದವು, ಹೆಸರಿದ್ದರೆ ಹತ್ತಬೇಡಿ. ನಿಮ್ಮ ಪ್ರಯಾಣ ವಿಮೆ ಇಂಥ ವಿಮಾನ, ದೋಣಿ ಎರಡಕ್ಕೂ ಅನ್ವಯಿಸುತ್ತದೆಯಾ, ಕಾಡಿನಿಂದ ಆಸ್ಪತ್ರೆಗೆ ತುರ್ತಾಗಿ ಸಾಗಿಸುವ ಖರ್ಚು ಸೇರಿದೆಯಾ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಅಮ್ಮನ ಮಟ್ಟಿಗೆ ಇದು ಬಿಡಲೇಬಾರದ ಮಾತು.

ಬಾಡಿಗೆ ಕಾರು ಕೇಳಿದ್ದಿರಿ. ಅಲ್ಲಿ ನಮ್ಮ ಹಾಗೆ ಎಡಬದಿಯಲ್ಲೇ ಓಡಿಸುವುದು, ಹಾಗಾಗಿ ನಿಮಗೆ ಕಷ್ಟವಾಗುವುದಿಲ್ಲ. ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಧಾರವಾಡದ ಆರ್‌ಟಿಒದಲ್ಲೇ ಮಾಡಿಸಿಕೊಳ್ಳಿ. ನಗರದ ಸುತ್ತಮುತ್ತಲಿಗೆ ಎರಡು ದಿನ ಕಾರು ಸಾಕು. ಕೊಮೆವೈನೆ ಕಡೆಯ ಹಳೆಯ ತೋಟಗಳಿಗೆ ಹೋಗಿ, ನದಿ ಮೇಲಿನ ದೊಡ್ಡ ಸೇತುವೆ ದಾಟಿದರೆ ಆಯಿತು. ಸಂಜೆ ದೋಣಿಯಲ್ಲಿ ಹೋದರೆ ನದಿಮುಖದಲ್ಲಿ ಡಾಲ್ಫಿನ್ ಕಾಣುತ್ತವೆ. ಬ್ರೌನ್ಸ್‌ಬರ್ಗ್ ಗುಡ್ಡ ಹತ್ತುವ ಕೆಂಪು ಮಣ್ಣಿನ ದಾರಿಗೆ ಸಾಮಾನ್ಯ ಕಾರು ಒಯ್ಯಬೇಡಿ, ಚಾಲಕನ ಸಮೇತ ಫೋರ್ ವೀಲ್ ಡ್ರೈವ್ ತೆಗೆದುಕೊಳ್ಳಿ. ಮೇಲಿನಿಂದ ಬ್ರೋಕೊಪಾಂಡೊ ಜಲಾಶಯ ಕಾಣುತ್ತದೆ. ಜಲಪಾತಗಳಿಗೆ ಇಳಿಯುವ ದಾರಿ ಕಡಿದು, ಅಮ್ಮ ಮೇಲೇ ಕೂತು ಮಂಗಗಳನ್ನು ನೋಡಲಿ. ರಾತ್ರಿ ಹೊತ್ತು ನಗರದ ಹೊರಗೆ ಗಾಡಿ ಓಡಿಸಬೇಡಿ.

ಇನ್ನು ಗಯಾನಾ ಯಾಕೆ ಬೇಡ ಅಂದೆ ಅಂತ. ಪರಮಾರಿಬೊದಿಂದ ಪಶ್ಚಿಮಕ್ಕೆ ಮೂರೂವರೆ-ನಾಲ್ಕು ಗಂಟೆ ಓಡಿ, ನಿಕೆರಿ ದಾಟಿ ಸೌತ್ ಡ್ರೇನ್ ಅನ್ನುವ ಕಡೆ ಹೋಗಬೇಕು. ಅಲ್ಲಿಂದ ಕೊರಂಟೈನ್ ನದಿಗೆ ಫೆರಿ. ದಾಟುವುದು ಅರ್ಧ ಗಂಟೆ, ಆದರೆ ಫೆರಿ ಸಾಮಾನ್ಯವಾಗಿ ಬೆಳಗ್ಗೆ ಮಾತ್ರ, ಹಾಗಾಗಿ ನಗರದಿಂದ ಮಿನಿಬಸ್ ನಸುಕಿನ ನಾಲ್ಕು-ಐದಕ್ಕೇ ಹೊರಡುತ್ತದೆ. ಎರಡೂ ದಡದಲ್ಲಿ ಪಾಸ್‌ಪೋರ್ಟ್ ಸಾಲು. ಆಮೇಲೆ ಜಾರ್ಜ್‌ಟೌನ್‌ಗೆ ಮತ್ತೆ ಮೂರು ಗಂಟೆಗಿಂತ ಜಾಸ್ತಿ. ಒಂದು ದಿನ ಪೂರ್ತಿ ಹೋಯಿತು. ಗಯಾನಾಕ್ಕೆ ಪ್ರತ್ಯೇಕ ವೀಸಾ. ಬಾಡಿಗೆ ಕಾರನ್ನು ಗಡಿ ದಾಟಿಸಲು ಹೆಚ್ಚಿನವರು ಒಪ್ಪುವುದಿಲ್ಲ. ಅಲ್ಲಿಗೆ ಹೋಗುವವರು ನೋಡಲು ಬಯಸುವುದು 226 ಮೀಟರ್ ಎತ್ತರದಿಂದ ಬೀಳುವ ಕೈಯೆಟೂರ್ ಜಲಪಾತವನ್ನು. ಅದಕ್ಕೆ ಜಾರ್ಜ್‌ಟೌನ್‌ನಿಂದ ಮತ್ತೆ ಸಣ್ಣ ವಿಮಾನ, ಜನ ಸಾಕಷ್ಟು ಸೇರದಿದ್ದರೆ ಅದೂ ರದ್ದು. ಕೈಯೆಟೂರ್ ಬೇಕೇ ಬೇಕು ಅಂದರೆ ಅದಕ್ಕೆ ಐದು ದಿನ ಎತ್ತಿಡಿ, ಸುರಿನಾಮ್‌ನ ನದಿ ಬಿಡಿ. ಎರಡೂ ಸೇರಿ 12 ದಿನದಲ್ಲಿ ಆಗುವುದಿಲ್ಲ.

ಫ್ರೆಂಚ್ ಗಯಾನಾ ಬೇರೆ ದೇಶವಲ್ಲ, ಫ್ರಾನ್ಸ್‌ನದೇ ಭಾಗ. ಆದರೆ ಷೆಂಗೆನ್‌ನ ಒಳಗಿಲ್ಲ. ನಿಮ್ಮ ಷೆಂಗೆನ್ ವೀಸಾ ಅಲ್ಲಿ ನಡೆಯುತ್ತದೆ ಅಂದುಕೊಂಡು ಗಡಿಯ ಊರಾದ ಆಲ್ಬಿನಾದಲ್ಲಿ ದೋಣಿ ಹತ್ತಬೇಡಿ. ಎದುರು ದಡ ಕಣ್ಣಿಗೆ ಕಾಣುತ್ತದೆ, ದೋಣಿಯವರು ಕರೆಯುತ್ತಾರೆ, ಆದರೂ ಬೇಡ.

ವಾಪಸ್ ಬರುವ ದಿನ ಹೀಗಿರಲಿ. ಕಾಡಿನಿಂದ ಬಂದ ಮೇಲೆ ಕನಿಷ್ಠ ಎರಡು ರಾತ್ರಿ ನಗರದಲ್ಲಿ ಇರಬೇಕು. ನೀರು ಇಳಿದು ದೋಣಿ ತಡವಾದರೆ, ರಸ್ತೆಯಲ್ಲಿ ಗಾಡಿ ಕೆಟ್ಟರೆ ಆ ಎರಡು ರಾತ್ರಿ ನಿಮ್ಮನ್ನು ಕಾಯುತ್ತವೆ. ಆಮ್‌ಸ್ಟರ್‌ಡ್ಯಾಮ್ ವಿಮಾನ ಸಾಮಾನ್ಯವಾಗಿ ಸಂಜೆ ಅಥವಾ ರಾತ್ರಿ. ಕೋಣೆ ಖಾಲಿ ಮಾಡಿ ಎಲ್ಲಿ ಕೂರುವುದು ಅಂತ ಯೋಚಿಸಬೇಡಿ, ಝಾಂಡರೈ ನಿಲ್ದಾಣದ ಹತ್ತಿರವೇ ಕೋಲಾಕ್ರೀಕ್ ಅನ್ನುವ ಜಾಗ ಇದೆ. ಕಂದು ಬಣ್ಣದ ಸ್ವಚ್ಛ ನೀರಿನ ಹಳ್ಳ, ಮರದ ನೆರಳು, ಊರಿನ ಜನ ಊಟ ಕಟ್ಟಿಕೊಂಡು ಬರುತ್ತಾರೆ. ಲಗೇಜ್ ಗಾಡಿಯಲ್ಲಿಟ್ಟು ಮಧ್ಯಾಹ್ನ ಅಲ್ಲಿ ಕಳೆಯಿರಿ, ಅಲ್ಲಿಂದ ನಿಲ್ದಾಣ ಹತ್ತಿರ.

ಹಣದ ವಿಷಯ ಒಂದಿಷ್ಟು. ಅಲ್ಲಿಯ ನಾಣ್ಯ ಸುರಿನಾಮ್ ಡಾಲರ್. ಯೂರೊ ನೋಟು ಒಯ್ಯಿರಿ, ಕಾಂಬಿಯೊ ಅಂತ ಬರೆದ ವಿನಿಮಯ ಅಂಗಡಿಗಳಲ್ಲಿ ಬದಲಾಯಿಸಿ. ಒಂದೇ ಸಲ ಎಲ್ಲ ಬದಲಾಯಿಸಬೇಡಿ. ಕಾಡಿನಲ್ಲಿ ಕಾರ್ಡ್ ನಡೆಯುವುದಿಲ್ಲ, ಚಿಲ್ಲರೆ ಜೊತೆಗಿರಲಿ. ವಿದ್ಯುತ್ ಅಲ್ಲಿ 127 ವೋಲ್ಟ್. ಫೋನ್ ಚಾರ್ಜರ್ ನಡೆಯುತ್ತದೆ. ಅಮ್ಮನಿಗೆ ಅನ್ನ ಮಾಡಲು ಮನೆಯಿಂದ ಎಲೆಕ್ಟ್ರಿಕ್ ಕುಕ್ಕರ್ ಒಯ್ಯುವ ಯೋಚನೆ ಇದ್ದರೆ ಬಿಡಿ, ನಮ್ಮ 230 ವೋಲ್ಟ್‌ನ ಕುಕ್ಕರ್‌ನಲ್ಲಿ ಅಲ್ಲಿ ನೀರು ಬೆಚ್ಚಗಾಗುತ್ತದೆ ಅಷ್ಟೇ, ಅಕ್ಕಿ ಬೇಯುವುದಿಲ್ಲ.

ಈ ವಾರ ಅಮ್ಮನನ್ನು ವೈದ್ಯರ ಹತ್ತಿರ ಕರೆದೊಯ್ಯಿರಿ, ಎರಡು ಲಾಡ್ಜ್‌ಗೆ ಇಮೇಲ್ ಹಾಕಿ. ಅವರ ಉತ್ತರ, ವೈದ್ಯರು ಹೇಳಿದ್ದು, ತಮ್ಮ ನೋಡಿದ ಶಾಲೆ ರಜೆಯ ಪಟ್ಟಿ, ಮೂರನ್ನೂ ಬರೆದು ಕಳಿಸಿದರೆ ಯಾವ ದಿನದ ಟಿಕೆಟ್ ಅಂತ ಹೇಳುತ್ತೇನೆ.